ಮನಿ ಹಾಳಿ

ಉಮದಿ ದಾಟಿ ಏಳು ಕಿಲೋಮೀಟರು,
ಜಿಲ್ಲಾ ಪರಿಷತ್ತಿನ ಕನ್ನಡ ಶಾಳೆ.
ಬೋರ್ಡಿನ ಮೇಲೆ ಹಾಗೇ ಇದೆ, ಶಾಳೆ,
ಮರಾಠಿ ಪೇಂಟರನ ಕೈ. ನಾವು ತಿದ್ದಿಸಿಲ್ಲ.

ಐದು ಕಂಪ್ಯೂಟರು ಬಂದವು, ಮೂರು ಎದ್ದವು.
ಎದ್ದ ಮೂರೂ ಕಣ್ಣು ಬಿಟ್ಟ ಕೂಡಲೇ
ಯಾರದೋ ಮದುವೆ, ಯಾರದೋ ಕಾರು,
ಬೊಜ್ಜು ಕರಗಿಸುವ ಪುಡಿ ತೋರಿಸುತ್ತಿದ್ದವು
ಖಿಚಡಿಗೆ ತಾಟು ಹಿಡಿದು ನಿಂತ ಮಕ್ಕಳಿಗೆ.

ಇದನ್ನು ಬದಲಿಸಬಹುದೆಂದು ನನಗೆ ತಿಳಿದದ್ದು
ದಸರೆ ಸೂಟಿಯಲ್ಲಿ, ತಂಗಿಯ ಮಗ ಹೇಳಿ.
ಖಾಲಿ ಹಾಳೆ. ಮೇಲೆ ಹನ್ನೆರಡು ಚೌಕ.
ಚೌಕಕ್ಕೊಂದು ಬಾಗಿಲು;
ಯಾವ ಓಣಿಗೆ ತೆರೆಯಬೇಕೋ ನಾವೇ ಹೇಳುವುದು.

"ಇದಕ್ಕ ಹೋಮ್ ಪೇಜ್ ಅಂತಾರ" ಅಂದೆ.
"ಹೋಮ್ ಅಂದ್ರ?" ಮನಿ. "ಪೇಜ್ ಅಂದ್ರ?" ಹಾಳಿ.
ಹಿಂದಿನ ಸಾಲಿನಿಂದ ಬೀರಣ್ಣ: "ಮನಿಹಾಳಿ!"
ಆರನೇ ಇಯತ್ತೆ ಮಗುಚಿ ಬಿತ್ತು.

ಬುಕ್‌ಮಾರ್ಕಿಗೆ ಹೊಸ ಹೆಸರು ಬೇಕಿರಲಿಲ್ಲ.
ಸುಗಲಾಳ ಭೂಗೋಳದಲ್ಲಿ ಜೋಳದ ರವದಿ,
ಮೆಹಜಬೀನಳ ಗಣಿತದಲ್ಲಿ ಚಡಚಣದ ಬಸ್ ತಿಕೀಟು:
ಓದು ನಿಂತಲ್ಲಿ ಇಡುವುದು ಖೂನ,
ಹೊಲದ ಬದುವಿಗೆ ನೆಟ್ಟ ಕಲ್ಲೂ ಖೂನವೇ.

ವರಾಂಡದಲ್ಲಿ ಹೆಡ್ ಸರ್ ಕಿವಿಗೆ ಬಿದ್ದದ್ದು,
"ಅಕ್ಕೋರ, ನಾ ಮನಿಹಾಳಿ ಮ್ಯಾಲ ಎರಡ ಖೂನ ಮಾಡೇನ್ರಿ!"
ಇಣುಕಿದರು. ಯಾರೂ ಸತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಹಾಜರಿ ಪುಸ್ತಕದ ಕಡೆ ಹೋದರು.

ಜಗಳ ಮೂರು ದಿನ.
ನಿಘಂಟು ಇರಲಿ ಎಂದೆ. ಇರಲಿ ಎಂದರು, ಯಾರಿಗೂ ಬೇಕಿರಲಿಲ್ಲ.
ಮೋಡಗಳ ನಕಾಶೆ.
ತಾಸಗಾಂವದ ಬೇದಾಣೆ ದರ ಮಹಾಂತೇಶನಿಗೆ,
ಒಂದು ಬಳ್ಳಿ ದ್ರಾಕ್ಷಿ ಇಲ್ಲದ ಮನೆಯವನು; "ಸುಮ್ಮ ನೋಡಾಕ್ರಿ."
ಬಳೆ ತೊಟ್ಟ ಶನಿಗ್ರಹ ಸುಗಲಾಳಿಗೆ.
ಸ್ಕಾಲರ್‌ಶಿಪ್ ಪರೀಕ್ಷೆಯ ಹಳೆಯ ಪ್ರಶ್ನೆಗಳು
ಮರಾಠಿಯಲ್ಲೇ, ಕಹಿ ಗುಳಿಗೆಯ ಹಾಗೆ, ನಡುವಿನ ಚೌಕದಲ್ಲಿ.
ಬಸ್ ವೇಳಾಪಟ್ಟಿ ಎರಡು: ಈ ಕಡೆಯ ಎಸ್ಟಿ, ಆ ಕಡೆಯ ಗಾಡಿ.
ಎರಡೂ ಸುಳ್ಳು ಹೇಳುತ್ತವೆ. ಎರಡೂ ಇರಲಿ.

ಲಗಮಣ್ಣ ಎದ್ದು ಬಂದದ್ದು ಹನ್ನೊಂದು ತುಂಬಿದ ಮೇಲೆ.
ಸರಿಸಿದ, ಸರಿಸಿದ,
ಮಿರಜ ಹೋಯಿತು, ಕೃಷ್ಣಾ ನದಿ ಎರಡು ಸಲ ಅಡ್ಡ ಬಂತು,
ಕರಾಡದ ಆಚೆ ಒಂದು ಸಕ್ಕರೆ ಕಾರ್ಖಾನೆ,
ಅದರ ಬೆನ್ನಿಗೆ ಬಯಲು.
"ನಮ್ಮವ್ವ ಅಪ್ಪ ಇಲ್ಲದಾರ್ರಿ. ಕಬ್ಬು ಮುಗಿಯೂತನ."

ಚಿಮಣಿಯ ನೆರಳು ಹೊಲದ ಮೇಲೆ ಮಲಗಿತ್ತು.
ಗುಡಿಸಲು ಒಂದೂ ಕಾಣಲಿಲ್ಲ.
ಆಕಾಶದಿಂದ ತೆಗೆದ ಚಿತ್ರ; ಮೂಲೆಯಲ್ಲಿ ಸಾಸಿವೆಯಷ್ಟು ತಾರೀಖು,
ಎರಡು ವರ್ಷ ಹಿಂದಿನ ಮೇ ತಿಂಗಳು.
ಆ ಮೇ ತಿಂಗಳಲ್ಲಿ ಅವರು ಇಲ್ಲೇ ಇದ್ದರು,
ನಮ್ಮ ಶಾಲೆಯ ಕಂಪೌಂಡಿಗೆ ಸುಣ್ಣ ಬಳಿದಿದ್ದರು.

ನಾನು ಓದಿದೆ. ಅವನೂ ಓದಿದ,
ಓದಲು ಕಲಿಸಿದವಳು ನಾನೇ.
"ಇರ್ಲಿ ಬಿಡ್ರಿ ಅಕ್ಕೋರ. ಜಾಗಾ ಅದ ಐತಿ."

ಗುರುವಾರ ಕೇಂದ್ರಪ್ರಮುಖರು ಬಂದರು.
ಚಹಾ ಕುಡಿದು, ಪರದೆಗೆ ಮುಖ ತಂದು,
"ಶಿಕ್ಷಣ ವಿಭಾಗದ್ದು ಎಲ್ಲೈತಿ?" ಅಂದರು.
ಹನ್ನೆರಡೇ ಚೌಕ. ಒಂದು ಹೋಗಬೇಕು.
ನಾನು ಲಗಮಣ್ಣನ ಕಡೆ ನೋಡಲಿಲ್ಲ,
ಅವನು ಮೇಜಿನ ಕೆರೆತ ಉಗುರಿನಲ್ಲಿ ಆಳ ಮಾಡುತ್ತಿದ್ದ.

ಯಾರೂ ಹೇಳುವ ಮೊದಲೇ ಬೀರಣ್ಣ ಇಲಿ ಹಿಡಿದು
ನಿಘಂಟು ತೆಗೆದುಬಿಟ್ಟ.
ಸಾಹೇಬರ ಗಾಡಿ ಧೂಳೆಬ್ಬಿಸಿ ಹೋದ ಮೇಲೆ
ನನ್ನ ಮುಖ ನೋಡಿ, ತಗ್ಗಿದ ದನಿಯಲ್ಲಿ:
"ಖೂನ ಇಟ್ಟೇನ್ರಿ ಅಕ್ಕೋರ,
ಬೇಕಾದ್ರ ಸಿಗತೈತಿ."